ಸೇವ್ ಒತ್ತಿದ ಮೇಲೆ ಡೇಟಾ ಡಿಸ್ಕ್ ಮುಟ್ಟುವವರೆಗೆ: ಫೈಲ್ ಸಿಸ್ಟಮ್ ಡ್ರೈವರ್ ಏನು ಮಾಡುತ್ತದೆ, ನೀವೇನು ಮಾಡಬೇಕು

ಸೇವ್ ಒತ್ತಿದಿರಿ. ಸೇವ್ ಆಯ್ತು ಅಂತ ಪರದೆ ಹೇಳಿತು. ಮೂರು ಸೆಕೆಂಡಿಗೆ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿ ನೋಡಿದರೆ ಫೈಲ್ ಇದೆ, ಹೆಸರೂ ಇದೆ, ಒಳಗೆ ಮಾತ್ರ ಏನೂ ಇಲ್ಲ. ಸೈಜ್ ಸೊನ್ನೆ ಬೈಟ್.

ನನಗೆ ಇದು ಆದದ್ದು ನಾನೇ ಬರೆದ ಒಂದು ಪುಟ್ಟ ಪ್ರೋಗ್ರಾಂನಲ್ಲಿ, ಅದರ ಸೆಟ್ಟಿಂಗ್ಸ್ ಫೈಲ್‌ಗೆ. ಡಿಸ್ಕ್ ಕೆಟ್ಟಿರಬೇಕು ಅಂದುಕೊಂಡು ಎರಡು ದಿನ ಅದನ್ನೇ ಪರೀಕ್ಷೆ ಮಾಡುತ್ತ ಕೂತೆ. ಡಿಸ್ಕ್ ಗಟ್ಟಿಯಾಗಿಯೇ ಇತ್ತು. ರೈಟ್ ಕಾಲ್ (ಇದನ್ನು ಬರೆ ಅಂತ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್‌ಗೆ ಹೇಳುವ ಕರೆ) ಮುಗಿಯಿತು ಅಂದರೆ ಡೇಟಾ ಡಿಸ್ಕ್‌ಗೆ ಹೋಯಿತು ಅಂತ ನಂಬಿದ್ದೇ ತಪ್ಪಾಗಿತ್ತು.

ಆ ನಡುವಿನ ದಾರಿಯಲ್ಲಿ ಏನೇನು ನಡೆಯುತ್ತದೆ, ಫೈಲ್ ಸಿಸ್ಟಮ್ ಡ್ರೈವರ್ (ಫೈಲ್‌ಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ಆಪರೇಟಿಂಗ್ ಸಿಸ್ಟಮ್‌ನ ಭಾಗ) ಎಲ್ಲೆಲ್ಲಿ ಕೈ ಹಾಕುತ್ತದೆ, ನೀವು ಎಲ್ಲಿ ಎಚ್ಚರ ವಹಿಸಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ನೋಡೋಣ. ಹೆಚ್ಚಿನ ಮಾತು ಲಿನಕ್ಸ್ ಬಗ್ಗೆ, ಯಾಕೆಂದರೆ ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು. ವಿಂಡೋಸ್, ಮ್ಯಾಕ್ ಬೇರೆ ಥರ ನಡೆದುಕೊಳ್ಳುವ ಕಡೆ ಅದನ್ನೂ ಹೇಳುತ್ತೇನೆ. ಒಂದು ಮಾತು ತಲೆಯಲ್ಲಿರಲಿ: ಇಲ್ಲಿನ ತೊಂದರೆಗಳೆಲ್ಲ ಕೊನೆಗೆ ಸರದಿಯ ತೊಂದರೆಗಳು. ಯಾವುದು ಮೊದಲು ಹೋಯಿತು, ಯಾವುದು ಆಮೇಲೆ ಹೋಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

## ಮೊದಲು ಕಣ್ಣಾರೆ ನೋಡಿ

ಒಂದು ಟರ್ಮಿನಲ್‌ನಲ್ಲಿ ಪ್ರೊಕ್ ಡೈರೆಕ್ಟರಿಯ ಮೆಮ್‌ಇನ್ಫೊ ಫೈಲನ್ನು ವಾಚ್ ಕಮಾಂಡ್‌ನಿಂದ ತೆರೆದಿಡಿ. ಅದರಲ್ಲಿ ಡರ್ಟಿ (ಡಿಸ್ಕ್‌ಗೆ ಇನ್ನೂ ಹೋಗದ ಡೇಟಾ), ರೈಟ್‌ಬ್ಯಾಕ್ (ಈಗ ಹೋಗುತ್ತಿರುವ ಡೇಟಾ) ಅಂತ ಎರಡು ಸಾಲು ಸಿಗುತ್ತವೆ. ಇನ್ನೊಂದು ಟರ್ಮಿನಲ್‌ನಲ್ಲಿ ಡಿಡಿ ಕಮಾಂಡ್ ಬಳಸಿ 500 ಎಂಬಿಯ ಒಂದು ಫೈಲ್ ಬರೆಯಿರಿ. ಡಿಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ನಿಮ್ಮ ಡಿಸ್ಕ್‌ಗೆ ಅಷ್ಟು ವೇಗವೇ ಇಲ್ಲದಿದ್ದರೂ. ಆ ಕಡೆ ಡರ್ಟಿ ಸಾಲಿನ ಅಂಕಿ ಜಿಗಿದಿರುತ್ತದೆ. ಈಗ ಸಿಂಕ್ ಅಂತ ಹೊಡೆಯಿರಿ. ರೈಟ್‌ಬ್ಯಾಕ್ ಏರುತ್ತದೆ, ಡರ್ಟಿ ಇಳಿಯುತ್ತದೆ, ಪ್ರಾಂಪ್ಟ್ ವಾಪಸ್ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಈ ಪ್ರಯೋಗವನ್ನು ಟಿಎಂಪಿ ಡೈರೆಕ್ಟರಿಯಲ್ಲಿ ಮಾಡಬೇಡಿ. ಎಷ್ಟೋ ಲಿನಕ್ಸ್‌ಗಳಲ್ಲಿ ಅದು ಮೆಮೊರಿಯಲ್ಲೇ ಇರುತ್ತದೆ, ಡಿಸ್ಕ್ ಹತ್ತಿರ ಹೋಗುವುದೇ ಇಲ್ಲ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಮಾಡಿ.

ಆಮೇಲೆ ಅದೇ ಡಿಡಿಗೆ ಕಾನ್ವ್ ಆಯ್ಕೆಯಲ್ಲಿ ಎಫ್‌ಸಿಂಕ್ (ಈ ಫೈಲ್ ಡಿಸ್ಕ್‌ಗೆ ಹೋಗುವ ತನಕ ಕಾಯಿ ಅನ್ನುವ ಕರೆ) ಅಂತ ಕೊಟ್ಟು ಇನ್ನೊಮ್ಮೆ ಓಡಿಸಿ. ಈಗ ತೋರಿಸುವ ವೇಗ ಡಿಸ್ಕ್‌ನದು. ಮೊದಲು ತೋರಿಸಿದ್ದು ಮೆಮೊರಿಯ ವೇಗ.

ಆದದ್ದು ಇಷ್ಟು. ರೈಟ್ ಕಾಲ್ ನಿಮ್ಮ ಡೇಟಾವನ್ನು ಪೇಜ್ ಕ್ಯಾಶ್‌ಗೆ ನಕಲು ಮಾಡಿ ವಾಪಸ್ ಬಂದುಬಿಡುತ್ತದೆ. ಪೇಜ್ ಕ್ಯಾಶ್ ಅಂದರೆ ಡಿಸ್ಕ್‌ನ ಡೇಟಾಕ್ಕೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೆಮೊರಿಯಲ್ಲಿ ಇಟ್ಟುಕೊಂಡಿರುವ ಪ್ರತಿ. ಸಾಮಾನ್ಯ ಪಿಸಿಯಲ್ಲಿ ಒಂದು ಪೇಜ್ ಅಂದರೆ 4,096 ಬೈಟ್. ಬರೆಸಿಕೊಂಡ ಪೇಜ್‌ಗೆ ಡರ್ಟಿ ಅಂತ ಗುರುತು ಬೀಳುತ್ತದೆ. ಆ ಫೈಲನ್ನು ಬೇರೆ ಪ್ರೋಗ್ರಾಂ ಓದಿದರೂ ಹೊಸ ಡೇಟಾವೇ ಸಿಗುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ನಿಮ್ಮ ಪ್ರೋಗ್ರಾಂ ಕ್ರ್ಯಾಶ್ ಆದರೂ ಆ ಡೇಟಾಕ್ಕೆ ಏನೂ ಆಗುವುದಿಲ್ಲ. ಕರ್ನಲ್ ಬಿದ್ದರೆ ಅಥವಾ ಕರೆಂಟ್ ಹೋದರೆ ಮಾತ್ರ ಬಣ್ಣ ಬಯಲಾಗುತ್ತದೆ.

## ಕರ್ನಲ್ ತಾನಾಗಿ ಬರೆಯುವುದು ಯಾವಾಗ

ಡರ್ಟಿ ಪೇಜ್‌ಗಳನ್ನು ಡಿಸ್ಕ್‌ಗೆ ಸಾಗಿಸುವುದಕ್ಕೆ ಫ್ಲಶರ್ ಥ್ರೆಡ್‌ಗಳು ಇವೆ. ಅವುಗಳ ನಡವಳಿಕೆಯನ್ನು ನಾಲ್ಕು ಅಂಕಿಗಳು ನಿರ್ಧರಿಸುತ್ತವೆ. ಸಿಸ್‌ಸಿಟಿಎಲ್ ಕಮಾಂಡ್‌ನಲ್ಲಿ ವಿಎಂ ವಿಭಾಗ ನೋಡಿ, ಡರ್ಟಿ ಅಂತ ಶುರುವಾಗುವ ಸಾಲುಗಳು ಕಾಣುತ್ತವೆ.

ಕರ್ನಲ್‌ನ ಮೂಲ ಲೆಕ್ಕದಲ್ಲಿ ಫ್ಲಶರ್ 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತದೆ. 30 ಸೆಕೆಂಡಿಗಿಂತ ಹಳೆಯ ಡರ್ಟಿ ಡೇಟಾ ಸಿಕ್ಕರೆ ಬರೆಯುತ್ತದೆ. ಈ ಎರಡನ್ನೂ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಬರೆದಿರುತ್ತಾರೆ, ಹಾಗಾಗಿ ನಿಮಗೆ ಕಾಣುವುದು 500 ಮತ್ತು 3000. ಡರ್ಟಿ ಡೇಟಾ ಬಳಕೆಗೆ ಸಿಗುವ ಮೆಮೊರಿಯ ಶೇ. 10 ದಾಟಿದರೆ ಫ್ಲಶರ್ 30 ಸೆಕೆಂಡ್ ಕಾಯದೆ ಹಿನ್ನೆಲೆಯಲ್ಲಿ ಕೆಲಸ ಶುರು ಮಾಡುತ್ತದೆ. ಶೇ. 20ರ ಹತ್ತಿರ ಹೋಗುತ್ತಿದ್ದರೆ ಬರೆಯುತ್ತಿರುವ ಪ್ರೋಗ್ರಾಂ ಅನ್ನೇ ಹಿಡಿದು ನಿಲ್ಲಿಸುತ್ತದೆ. ಚೆನ್ನಾಗಿ ಓಡುತ್ತಿದ್ದ ಕಾಪಿ ದಿಢೀರ್ ಅಂತ ನಿಂತುಬಿಡುವುದು ಇದರಿಂದಲೇ.

ಜಾಸ್ತಿ ಮೆಮೊರಿ ಇರುವ ಮಶೀನ್‌ಗೆ ನಿಧಾನದ ಪೆನ್‌ಡ್ರೈವ್ ಹಾಕಿದರೆ ಈ ಶೇಕಡಾ ಲೆಕ್ಕ ಕೈಕೊಡುತ್ತದೆ. ಬಳಕೆಗೆ 60 ಜಿಬಿ ಮೆಮೊರಿ ಇದ್ದರೆ ಶೇ. 10 ಅಂದರೇ 6 ಜಿಬಿ. ಕಾಪಿ ನೂರಕ್ಕೆ ನೂರು ಮುಗಿಯಿತು ಅಂತ ತೋರಿಸುತ್ತದೆ, ಅನ್‌ಮೌಂಟ್ (ಡ್ರೈವ್ ತೆಗೆಯುವ ಮೊದಲು ಬಿಡಿಸುವುದು) ಮಾತ್ರ ಹತ್ತು ನಿಮಿಷ ಆದರೂ ಮುಗಿಯುವುದಿಲ್ಲ. ಅಂಥ ಕಡೆ ಶೇಕಡಾ ಬಿಟ್ಟು ಡರ್ಟಿ ಬೈಟ್ಸ್, ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ ಅನ್ನುವ ಎರಡು ಸೆಟ್ಟಿಂಗ್ ಬಳಸಿ, ಕೆಲವು ನೂರು ಎಂಬಿಯ ಮಿತಿ ಹಾಕಿ. ಬೈಟ್ ಲೆಕ್ಕ ಹಾಕಿದ ಕೂಡಲೇ ಅದರ ಜೋಡಿ ಶೇಕಡಾ ಲೆಕ್ಕ ತಾನೇ ಸೊನ್ನೆಯಾಗುತ್ತದೆ. ಗಾಬರಿ ಬೇಡ.

ವಿಂಡೋಸ್‌ನಲ್ಲಿ ಈ ಕೆಲಸವನ್ನು ಲೇಜಿ ರೈಟರ್ ಮಾಡುತ್ತದೆ. ಅದು ಸೆಕೆಂಡಿಗೊಮ್ಮೆ ಎದ್ದು, ಇರುವ ಡರ್ಟಿ ಪೇಜ್‌ಗಳಲ್ಲಿ ಸುಮಾರು ಎಂಟನೇ ಒಂದು ಭಾಗವನ್ನು ಬರೆಯಲು ಕಳಿಸುತ್ತದೆ.

ಹಳೆಯ ಯೂನಿಕ್ಸ್ ಮಂದಿ ಮಶೀನ್ ಆರಿಸುವ ಮೊದಲು ಸಿಂಕ್ ಅಂತ ಮೂರು ಸಲ ಹೊಡೆಯುತ್ತಿದ್ದರು. ಅದು ಮಂತ್ರ ಏನಲ್ಲ. ಆಗ ಸಿಂಕ್ ಕೆಲಸವನ್ನು ಶುರು ಮಾಡಿಸಿ ವಾಪಸ್ ಬರುತ್ತಿತ್ತು, ಮುಗಿಯುವ ತನಕ ಕಾಯುತ್ತಿರಲಿಲ್ಲ. ಮೂರು ಸಲ ಟೈಪ್ ಮಾಡುವಷ್ಟರಲ್ಲಿ ಡಿಸ್ಕ್ ಕೆಲಸ ಮುಗಿಸಿರುತ್ತಿತ್ತು, ಅಷ್ಟೇ. ಈಗಿನ ಲಿನಕ್ಸ್‌ನಲ್ಲಿ ಸಿಂಕ್ ಮುಗಿಯುವ ತನಕ ಕಾಯುತ್ತದೆ. ಒಂದು ಸಲ ಸಾಕು.

## 300 ಬೈಟ್ ಸೇರಿಸಿದರೆ ಏನೇನು ಬದಲಾಗುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಇದು ಅರ್ಥವಾದರೆ ಉಳಿದದ್ದು ಸಲೀಸು.

ಎಕ್ಸ್ಟ್4 ಫೈಲ್ ಸಿಸ್ಟಮ್‌ನಲ್ಲಿ 4,000 ಬೈಟ್‌ನ ಒಂದು ಲಾಗ್ ಫೈಲ್ ಇದೆ ಅಂದುಕೊಳ್ಳಿ. ಡಿಸ್ಕ್ ಜಾಗವನ್ನು ಬ್ಲಾಕ್ ಅನ್ನುವ ತುಂಡುಗಳಲ್ಲಿ ಹಂಚುತ್ತಾರೆ, ಇಲ್ಲಿ ಬ್ಲಾಕ್ ಸೈಜ್ 4,096 ಬೈಟ್. ಅಂದರೆ ಫೈಲ್ ಒಂದೇ ಬ್ಲಾಕ್‌ನಲ್ಲಿ ಕೂತಿದೆ, ಕೊನೆಯಲ್ಲಿ 96 ಬೈಟ್ ಜಾಗ ಖಾಲಿ. ನೀವು 300 ಬೈಟ್ ಸೇರಿಸುತ್ತೀರಿ. ಮೊದಲ 96 ಬೈಟ್ ಹಳೆಯ ಬ್ಲಾಕ್‌ನಲ್ಲೇ ಹಿಡಿಸುತ್ತವೆ. ಉಳಿದ 204ಕ್ಕೆ ಹೊಸ ಬ್ಲಾಕ್ ಬೇಕು.

ಈಗ ಡಿಸ್ಕ್‌ನಲ್ಲಿ ಎಷ್ಟು ಕಡೆ ಬರೆಯಬೇಕು, ಲೆಕ್ಕ ಹಾಕಿ. ಡೇಟಾದ ಎರಡು ಬ್ಲಾಕ್. ಹೊಸ ಬ್ಲಾಕ್ ಬಳಕೆಯಲ್ಲಿದೆ ಅಂತ ಗುರುತು ಹಾಕಲು ಬ್ಲಾಕ್ ಬಿಟ್‌ಮ್ಯಾಪ್. ಆ ಗುಂಪಿನಲ್ಲಿ ಖಾಲಿ ಬ್ಲಾಕ್ ಒಂದು ಕಡಿಮೆಯಾಯಿತು ಅಂತ ಗ್ರೂಪ್ ಡಿಸ್ಕ್ರಿಪ್ಟರ್. ಫೈಲ್‌ನ ಹೊಸ ಉದ್ದ 4,300, ಹೊಸ ಬ್ಲಾಕ್ ಎಲ್ಲಿದೆ, ಯಾವಾಗ ತಿದ್ದಿದ್ದು ಅಂತ ಬರೆಯಲು ಐನೋಡ್, ಅಂದರೆ ಫೈಲ್‌ನ ವಿವರಗಳ ದಾಖಲೆ. ಐದು ಕಡೆ! ಡಿಸ್ಕ್‌ಗೆ ಇವನ್ನೆಲ್ಲ ಒಂದೇ ಏಟಿಗೆ ಬರೆಯುವ ಶಕ್ತಿ ಇಲ್ಲ. ಒಂದಾದ ಮೇಲೆ ಒಂದು ಹೋಗಬೇಕು, ಯಾವ ಎರಡರ ನಡುವೆ ಬೇಕಾದರೂ ಕರೆಂಟ್ ಹೋಗಬಹುದು.

ಬಿಟ್‌ಮ್ಯಾಪ್ ಹೋಗಿ ಐನೋಡ್ ಹೋಗದಿದ್ದರೆ ಒಂದು ಬ್ಲಾಕ್ ಯಾರ ಹೆಸರಿನಲ್ಲೂ ಇಲ್ಲದೆ ಕಳೆದುಹೋಗುತ್ತದೆ. ಜಾಗ ದಂಡ, ಬೇರೆ ಏನೂ ತೊಂದರೆ ಇಲ್ಲ. ಐನೋಡ್ ಹೋಗಿ ಡೇಟಾ ಹೋಗದಿದ್ದರೆ ನಿಮ್ಮ ಫೈಲ್‌ನ ಬಾಲದಲ್ಲಿ ಆ ಬ್ಲಾಕ್‌ನ ಹಳೆಯ ಕಸ ಕಾಣುತ್ತದೆ. ಆ ಕಸ ಇನ್ನೊಬ್ಬರು ಡಿಲೀಟ್ ಮಾಡಿದ ಫೈಲ್‌ನ ತುಣುಕಾಗಿರಬಹುದು, ಅವರ ಪಾಸ್‌ವರ್ಡ್ ಕೂಡ ಆಗಿರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಐನೋಡ್ ಹೋಗಿ ಬಿಟ್‌ಮ್ಯಾಪ್ ಹೋಗದಿರುವುದು. ಆ ಬ್ಲಾಕ್ ಖಾಲಿ ಇದೆ ಅಂತಲೇ ಫೈಲ್ ಸಿಸ್ಟಮ್ ನಂಬಿರುತ್ತದೆ. ನಾಳೆ ಅದನ್ನು ಬೇರೆ ಫೈಲ್‌ಗೂ ಕೊಟ್ಟುಬಿಡುತ್ತದೆ. ಒಂದೇ ಬ್ಲಾಕ್‌ಗೆ ಇಬ್ಬರು ಒಡೆಯರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾರೆ, ಇಬ್ಬರಿಗೂ ಗೊತ್ತಾಗುವುದಿಲ್ಲ.

## ಜರ್ನಲ್ ಇದನ್ನು ಹೇಗೆ ಬಿಡಿಸುತ್ತದೆ

ಎಕ್ಸ್ಟ್4ರ ಉಪಾಯ ಹೀಗಿದೆ. ಬಿಟ್‌ಮ್ಯಾಪ್, ಗ್ರೂಪ್ ಡಿಸ್ಕ್ರಿಪ್ಟರ್, ಐನೋಡ್ ಇರುವ ಬ್ಲಾಕ್‌ಗಳನ್ನು ಅವುಗಳ ಜಾಗದಲ್ಲಿ ಸೀದಾ ತಿದ್ದುವುದಿಲ್ಲ. ಮೊದಲು ಜರ್ನಲ್ ಅನ್ನುವ ಮೀಸಲು ಜಾಗದಲ್ಲಿ ಅವುಗಳ ಪೂರ್ತಿ ಪ್ರತಿ ಬರೆಯುತ್ತದೆ. ತಲೆಗೆ ಒಂದು ಡಿಸ್ಕ್ರಿಪ್ಟರ್ ಬ್ಲಾಕ್: ಮುಂದೆ ಬರುವ ಪ್ರತಿಗಳು ಡಿಸ್ಕ್‌ನಲ್ಲಿ ಎಲ್ಲೆಲ್ಲಿ ಸೇರಬೇಕು ಅಂತ ಅದರಲ್ಲಿ ಇರುತ್ತದೆ. ಆಮೇಲೆ ಪ್ರತಿಗಳು. ಕೊನೆಗೆ ಒಂದು ಕಮಿಟ್ ಬ್ಲಾಕ್. ಆ ಕಮಿಟ್ ಬ್ಲಾಕ್ ಡಿಸ್ಕ್ ಮುಟ್ಟಿದರೆ ಈ ವಹಿವಾಟು ನಡೆದಂತೆ. ಮುಟ್ಟದಿದ್ದರೆ ನಡೆದೇ ಇಲ್ಲ.

ಕರೆಂಟ್ ಹೋಗಿ ಬಂದ ಮೇಲೆ ಮೌಂಟ್ ಮಾಡುವಾಗ (ಡಿಸ್ಕನ್ನು ಬಳಕೆಗೆ ತೆರೆಯುವಾಗ) ಡ್ರೈವರ್ ಜರ್ನಲ್ ಓದುತ್ತದೆ. ಕಮಿಟ್ ಬ್ಲಾಕ್ ಸಿಕ್ಕ ವಹಿವಾಟುಗಳ ಪ್ರತಿಗಳನ್ನು ಅವುಗಳ ಜಾಗಕ್ಕೆ ನಕಲು ಮಾಡುತ್ತದೆ, ಅರ್ಧಕ್ಕೆ ನಿಂತದ್ದನ್ನು ಬಿಸಾಡುತ್ತದೆ. ನಕಲು ಮಾಡುವಾಗಲೇ ಮತ್ತೆ ಕರೆಂಟ್ ಹೋದರೆ? ಏನೂ ಆಗುವುದಿಲ್ಲ. ಪೂರ್ತಿ ಬ್ಲಾಕ್‌ಗಳನ್ನೇ ಬರೆಯುವುದರಿಂದ ಅದೇ ಕೆಲಸವನ್ನು ಹತ್ತು ಸಲ ಮಾಡಿದರೂ ಫಲ ಒಂದೇ.

ಡೇಟಾದ ವಿಷಯಕ್ಕೆ ಮೂರು ಮೋಡ್ ಇವೆ. ಮೂಲ ಮೋಡ್ ಆರ್ಡರ್ಡ್: ಐನೋಡ್‌ನ ಕಮಿಟ್ ಆಗುವ ಮೊದಲು ಅದು ಬೊಟ್ಟು ಮಾಡುವ ಹೊಸ ಬ್ಲಾಕ್‌ಗಳ ಡೇಟಾ ಡಿಸ್ಕ್‌ಗೆ ಹೋಗಿರಬೇಕು. ಇನ್ನೊಬ್ಬರ ಕಸ ಕಾಣುವ ಅಪಾಯ ಇಲ್ಲಿಗೆ ತಪ್ಪಿತು. ರೈಟ್‌ಬ್ಯಾಕ್ ಮೋಡ್‌ನಲ್ಲಿ ಆ ಕಟ್ಟುಪಾಡು ಇಲ್ಲ. ಜರ್ನಲ್ ಮೋಡ್‌ನಲ್ಲಿ ಡೇಟಾವನ್ನೂ ಜರ್ನಲ್‌ಗೆ ಬರೆಯುತ್ತಾರೆ, ಅಂದರೆ ಎರಡೆರಡು ಸಲ ಬರವಣಿಗೆ. ಬೇರೆ ಮಾಡಲು ಬಲವಾದ ಕಾರಣ ಇಲ್ಲದಿದ್ದರೆ ಆರ್ಡರ್ಡ್ ಬಿಟ್ಟು ಕದಲಬೇಡಿ.

ಎಕ್ಸ್ಟ್4 ಜರ್ನಲ್ ಅನ್ನು 5 ಸೆಕೆಂಡಿಗೊಮ್ಮೆ ಕಮಿಟ್ ಮಾಡುತ್ತದೆ. ಹಾಗಂತ ನಿಮ್ಮ ಡೇಟಾ 5 ಸೆಕೆಂಡಿನಲ್ಲಿ ಸುರಕ್ಷಿತ ಅಂದುಕೊಂಡರೆ ಮೋಸ ಹೋದಿರಿ. ಬರೆದ ಕೂಡಲೇ ಅದು ಬ್ಲಾಕ್ ಗೊತ್ತು ಮಾಡುವುದೇ ಇಲ್ಲ. ಫ್ಲಶರ್ ಬಂದು ಕೇಳುವ ತನಕ ಮುಂದೂಡುತ್ತದೆ, ಯಾಕೆಂದರೆ ಒಟ್ಟಿಗೆ ಎಷ್ಟು ಬೇಕು ಅಂತ ಗೊತ್ತಾದರೆ ಸಾಲಾಗಿ ಜಾಗ ಹಿಡಿಯಬಹುದು. ಹಾಗಾಗಿ ಹೆಸರು ಕಮಿಟ್ ಆಗಿರುತ್ತದೆ, ಡೇಟಾ ಇನ್ನೂ 30 ಸೆಕೆಂಡಿನ ಸರದಿಯಲ್ಲಿ ನಿಂತಿರುತ್ತದೆ. ನನ್ನ ಸೊನ್ನೆ ಬೈಟ್ ಫೈಲ್ ಹುಟ್ಟಿದ್ದು ಇಲ್ಲೇ.

ಬಿಟಿಆರ್‌ಎಫ್ಎಸ್, ಝಡ್‌ಎಫ್ಎಸ್ ಅನ್ನುವ ಫೈಲ್ ಸಿಸ್ಟಮ್‌ಗಳು ಬೇರೆ ದಾರಿ ಹಿಡಿದಿವೆ. ಇರುವ ಬ್ಲಾಕ್ ಮೇಲೆ ಬರೆಯುವುದೇ ಇಲ್ಲ. ಬದಲಾದ ಬ್ಲಾಕ್, ಅದನ್ನು ತೋರಿಸುವ ಬ್ಲಾಕ್, ಅದನ್ನು ತೋರಿಸುವ ಮೇಲಿನ ಬ್ಲಾಕ್, ಹೀಗೆ ಬೇರಿನವರೆಗೂ ಹೊಸ ಜಾಗದಲ್ಲಿ ಬರೆದು ಕೊನೆಗೆ ಬೇರಿನ ವಿಳಾಸ ಬದಲಿಸುತ್ತವೆ. ವಿಳಾಸ ಬದಲಾಗದಿದ್ದರೆ ಹಳೆಯ ಮರ ಹಾಗೇ ಇರುತ್ತದೆ. ದಾರಿ ಬೇರೆಯಾದರೂ ಸರದಿಯ ಚಿಂತೆ ಅದೇ: ಮಿಕ್ಕಿದ್ದೆಲ್ಲ ಡಿಸ್ಕ್ ಮುಟ್ಟುವ ಮೊದಲು ಬೇರು ಬದಲಾಗಬಾರದು.

## ಡಿಸ್ಕ್ ಕೂಡ ಸುಳ್ಳು ಹೇಳುತ್ತದೆ

ಡ್ರೈವರ್ ಸರದಿಯಲ್ಲಿ ಕಳಿಸಿತು, ಡಿಸ್ಕ್ ಆಯ್ತು ಅಂದಿತು. ಮುಗೀತಾ? ಇಲ್ಲ. ಡಿಸ್ಕ್‌ನ ಒಳಗೇ ಒಂದು ಕ್ಯಾಶ್ ಇದೆ. ಅಲ್ಲಿಗೆ ಬಂದ ಕೂಡಲೇ ಡಿಸ್ಕ್ ಆಯ್ತು ಅಂದುಬಿಡುತ್ತದೆ, ಆಮೇಲೆ ತನಗೆ ಅನುಕೂಲವಾದ ಕ್ರಮದಲ್ಲಿ ಬರೆದುಕೊಳ್ಳುತ್ತದೆ. ಕಮಿಟ್ ಬ್ಲಾಕ್ ಮೊದಲು ಹೋಗಿ ಜರ್ನಲ್ ಪ್ರತಿಗಳು ಹಿಂದೆ ಉಳಿದರೆ ಇಷ್ಟು ಹೊತ್ತು ಕಟ್ಟಿದ್ದೆಲ್ಲ ನೀರುಪಾಲು.

ಇದಕ್ಕೆ ಡ್ರೈವರ್ ಹತ್ತಿರ ಎರಡು ಅಸ್ತ್ರ ಇವೆ. ಒಂದು ಫ್ಲಶ್: ಇದುವರೆಗೆ ಆಯ್ತು ಅಂತ ಹೇಳಿದ್ದನ್ನೆಲ್ಲ ನಿಜವಾಗಿಯೂ ಬರೆದು ಆಮೇಲೆ ಉತ್ತರ ಕೊಡು. ಇನ್ನೊಂದು ಎಫ್‌ಯುಎ: ಈ ಒಂದು ಬ್ಲಾಕ್ ಮಾತ್ರ ಕ್ಯಾಶ್‌ನಲ್ಲಿ ನಿಲ್ಲದೆ ಸೀದಾ ಒಳಗೆ ಹೋಗಲಿ. ಎಕ್ಸ್ಟ್4 ಕಮಿಟ್ ಬ್ಲಾಕ್ ಕಳಿಸುವಾಗ ಎರಡನ್ನೂ ಜೊತೆಗೆ ಕಟ್ಟುತ್ತದೆ. ಮೊದಲು ಫ್ಲಶ್, ಅದು ಮುಗಿದ ಮೇಲೆ ಎಫ್‌ಯುಎ ಗುರುತಿನ ಕಮಿಟ್ ಬ್ಲಾಕ್. ಎಫ್‌ಯುಎ ಗೊತ್ತಿಲ್ಲದ ಡಿಸ್ಕ್ ಆದರೆ ಕರ್ನಲ್ ಬ್ಲಾಕ್ ಬರೆಸಿ ಹಿಂದೆಯೇ ಇನ್ನೊಂದು ಫ್ಲಶ್ ಕಳಿಸುತ್ತದೆ. ಲಿನಕ್ಸ್‌ಗೆ ಈ ಪದ್ಧತಿ ಬಂದದ್ದು 2.6.37ರಲ್ಲಿ. ಅದಕ್ಕೆ ಮುಂಚೆ ಬ್ಯಾರಿಯರ್ ಅನ್ನುವ ಇನ್ನೂ ಭಾರದ ವ್ಯವಸ್ಥೆ ಇತ್ತು.

ನಿಮ್ಮ ಡಿಸ್ಕ್ ಬಗ್ಗೆ ಕರ್ನಲ್ ಏನು ತಿಳಿದುಕೊಂಡಿದೆ ಅಂತ ನೋಡಲು ಸಿಸ್ ಡೈರೆಕ್ಟರಿಯಲ್ಲಿ ಬ್ಲಾಕ್, ಅದರೊಳಗೆ ಡಿಸ್ಕ್‌ನ ಹೆಸರು, ಅದರೊಳಗೆ ಕ್ಯೂ, ಅಲ್ಲಿ ರೈಟ್ ಕ್ಯಾಶ್ ಅನ್ನುವ ಫೈಲ್ ಓದಿ. ರೈಟ್ ಬ್ಯಾಕ್ ಅಂತ ಇದ್ದರೆ ಕರ್ನಲ್ ಫ್ಲಶ್ ಕಳಿಸುತ್ತದೆ. ರೈಟ್ ಥ್ರೂ ಅಂತ ಇದ್ದರೆ ಕಳಿಸುವುದಿಲ್ಲ. ಆ ಫೈಲ್‌ಗೆ ನೀವು ರೈಟ್ ಥ್ರೂ ಅಂತ ಬರೆದರೆ ಡಿಸ್ಕ್‌ನ ಕ್ಯಾಶ್ ಏನೂ ಆಫ್ ಆಗುವುದಿಲ್ಲ, ಕರ್ನಲ್‌ನ ತಿಳುವಳಿಕೆ ಮಾತ್ರ ಬದಲಾಗುತ್ತದೆ. ಅದು ನಮಗೆ ನಾವೇ ಹಳ್ಳ ತೋಡಿಕೊಂಡಂತೆ. ವೇಗ ಜಾಸ್ತಿಯಾಗುತ್ತದೆ ಅಂತ ಬ್ಯಾರಿಯರ್ ಆಫ್ ಮಾಡುವ ಮೌಂಟ್ ಆಯ್ಕೆಯ ಸಲಹೆ ಹಳೆಯ ಲೇಖನಗಳಲ್ಲಿ ಇನ್ನೂ ಸಿಗುತ್ತದೆ. ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್ ಸಿಸ್ಟಮ್‌ನವರು ಆ ಆಯ್ಕೆಯನ್ನೇ ಕಿತ್ತು ಹಾಕಿದ್ದಾರೆ. ಎಕ್ಸ್ಟ್4ರಲ್ಲಿ ಇದೆ, ಮುಟ್ಟಬೇಡಿ.

ಸರ್ವರ್‌ಗೆ ಮಾಡಿದ ಕೆಲವು ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರ್ ಇರುತ್ತದೆ. ಕರೆಂಟ್ ಹೋದ ಮೇಲೂ ಕ್ಯಾಶ್‌ನಲ್ಲಿ ಇದ್ದದ್ದನ್ನು ಬರೆದು ಮುಗಿಸುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ. ಅಂಥದ್ದರಲ್ಲಿ ಫ್ಲಶ್ ಬಹಳ ಬೇಗ ಮುಗಿಯುತ್ತದೆ. ಡೇಟಾಬೇಸ್ ಇಡುವ ಮಶೀನ್‌ಗೆ ಖರ್ಚು ಮಾಡಬೇಕಾದ ಜಾಗ ಇದು.

ಮ್ಯಾಕ್‌ನಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಅಲ್ಲಿ ಎಫ್‌ಸಿಂಕ್ ಡೇಟಾವನ್ನು ಡಿಸ್ಕ್‌ಗೆ ಕಳಿಸುತ್ತದೆ, ಆದರೆ ಡಿಸ್ಕ್‌ನ ಕ್ಯಾಶ್ ಖಾಲಿ ಮಾಡಿಸುವುದಿಲ್ಲ. ಅದು ಬೇಕಾದರೆ ಎಫ್‌ಸಿಎನ್‌ಟಿಎಲ್ ಕಾಲ್‌ಗೆ ಎಫ್ ಫುಲ್ ಎಫ್‌ಸಿಂಕ್ ಅಂತ ಕೊಡಬೇಕು. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಫ್ಲಶ್ ಫೈಲ್ ಬಫರ್ಸ್ ಇದೆ.

## ನಿಮ್ಮ ಪ್ರೋಗ್ರಾಂನಲ್ಲಿ ಫೈಲ್ ಉಳಿಸುವ ಸರಿಯಾದ ಕ್ರಮ

ಇರುವ ಫೈಲನ್ನೇ ತೆರೆದು, ಸೊನ್ನೆಗೆ ಕತ್ತರಿಸಿ, ಹೊಸದಾಗಿ ಬರೆಯಬೇಡಿ. ಕತ್ತರಿಸಿದ ಮೇಲೆ, ಬರೆಯುವ ಮೊದಲು ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹೀಗೆ ಮಾಡಿ:

1. ಅದೇ ಡೈರೆಕ್ಟರಿಯಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲ್ ತೆರೆಯಿರಿ. ಬೇರೆ ಫೈಲ್ ಸಿಸ್ಟಮ್‌ನಲ್ಲಿ ತೆರೆದರೆ ಕೊನೆಯ ರಿನೇಮ್ ಫೇಲ್ ಆಗುತ್ತದೆ.
2. ಎಲ್ಲ ಡೇಟಾ ಬರೆಯಿರಿ. ರೈಟ್ ಎಷ್ಟು ಬೈಟ್ ತೆಗೆದುಕೊಂಡಿತು ಅಂತ ಪ್ರತಿ ಸಲ ನೋಡಿ. ಕೇಳಿದ್ದಕ್ಕಿಂತ ಕಡಿಮೆ ಬರೆದು ಬರಬಹುದು.
3. ಎಫ್‌ಪ್ರಿಂಟ್‌ಎಫ್ ಥರದ ಸಿ ಲೈಬ್ರರಿ ಬಳಸಿದ್ದರೆ ಎಫ್‌ಫ್ಲಶ್ ಮಾಡಿ. ಆ ಬಫರ್ ನಿಮ್ಮ ಪ್ರೋಗ್ರಾಂನ ಒಳಗೇ ಇದೆ, ಕರ್ನಲ್‌ಗೆ ಅದರ ಸುದ್ದಿಯೇ ಗೊತ್ತಿಲ್ಲ.
4. ಎಫ್‌ಸಿಂಕ್ ಮಾಡಿ. ಅದು ಏನು ಉತ್ತರ ಕೊಟ್ಟಿತು ಅಂತ ನೋಡಿ.
5. ಕ್ಲೋಸ್ ಮಾಡಿ. ಇದರ ಉತ್ತರವನ್ನೂ ನೋಡಿ.
6. ತಾತ್ಕಾಲಿಕ ಹೆಸರನ್ನು ನಿಜವಾದ ಹೆಸರಿಗೆ ರಿನೇಮ್ ಮಾಡಿ.
7. ಆ ಡೈರೆಕ್ಟರಿಯನ್ನೇ ತೆರೆದು ಅದಕ್ಕೂ ಒಂದು ಎಫ್‌ಸಿಂಕ್ ಮಾಡಿ.

ಏಳನೆಯದನ್ನು ತುಂಬ ಜನ ಮರೆಯುತ್ತಾರೆ. ಫೈಲ್‌ನ ಹೆಸರು ಫೈಲ್‌ನ ಒಳಗಿಲ್ಲ, ಡೈರೆಕ್ಟರಿಯಲ್ಲಿದೆ. ರಿನೇಮ್ ಬದಲಿಸಿದ್ದು ಡೈರೆಕ್ಟರಿಯನ್ನು. ಈ ಹೆಜ್ಜೆ ಬಿಟ್ಟರೆ ಫೈಲ್ ಕೆಡುವುದಿಲ್ಲ, ಆದರೆ ಕರೆಂಟ್ ಬಂದ ಮೇಲೆ ಹಳೆಯ ಆವೃತ್ತಿಯೇ ಕಾಣಬಹುದು. ಸೆಟ್ಟಿಂಗ್ಸ್ ಫೈಲ್‌ಗೆ ಅದು ನಡೆಯುತ್ತದೆ. ಹಣದ ಲೆಕ್ಕಕ್ಕೆ ನಡೆಯುವುದಿಲ್ಲ.

ಇನ್ನೆರಡು ಕಿರಿಕಿರಿ. ಹೊಸ ಫೈಲ್‌ಗೆ ಹಳೆಯದರ ಪರ್ಮಿಷನ್ ತಾನಾಗಿ ಬರುವುದಿಲ್ಲ, ನೀವೇ ಹಾಕಬೇಕು. ಆ ಹೆಸರು ಸಿಮ್‌ಲಿಂಕ್ (ಬೇರೆ ಫೈಲ್‌ನ ದಾರಿ ತೋರಿಸುವ ಹೆಸರು) ಆಗಿದ್ದರೆ ರಿನೇಮ್ ಲಿಂಕನ್ನೇ ತೆಗೆದು ಆ ಜಾಗದಲ್ಲಿ ಫೈಲ್ ಇಡುತ್ತದೆ. ಮೊದಲೇ ಲಿಂಕ್ ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿಕೊಳ್ಳಿ.

2009ರಲ್ಲಿ ಎಕ್ಸ್ಟ್4 ಹೊಸದಾಗಿ ಬಂದಾಗ ನಾಲ್ಕನೆಯ ಹೆಜ್ಜೆ ಬಿಟ್ಟಿದ್ದ ಎಷ್ಟೋ ಡೆಸ್ಕ್‌ಟಾಪ್ ಪ್ರೋಗ್ರಾಂಗಳ ಸೆಟ್ಟಿಂಗ್ಸ್ ಫೈಲ್‌ಗಳು ಸೊನ್ನೆ ಬೈಟ್ ಆದವು. ದೊಡ್ಡ ಜಗಳವೇ ಆಯಿತು. ಕೊನೆಗೆ 2.6.30 ಕರ್ನಲ್‌ನಲ್ಲಿ ಒಂದು ಹೊಂದಾಣಿಕೆ ಬಂತು: ಇರುವ ಫೈಲ್ ಮೇಲೆ ರಿನೇಮ್ ಮಾಡಿದರೆ ಹೊಸ ಫೈಲ್‌ಗೆ ಕೂಡಲೇ ಬ್ಲಾಕ್ ಗೊತ್ತು ಮಾಡಿ ಬರೆಯಲು ಶುರು ಮಾಡುತ್ತದೆ. ಒಳ್ಳೆಯದೇ. ಆದರೆ ಅದನ್ನು ನಂಬಿ ಎಫ್‌ಸಿಂಕ್ ಬಿಡಬೇಡಿ. ನಿಮ್ಮ ಪ್ರೋಗ್ರಾಂ ನಾಳೆ ಯಾವ ಫೈಲ್ ಸಿಸ್ಟಮ್ ಮೇಲೆ ಓಡುತ್ತದೋ ಯಾರಿಗೆ ಗೊತ್ತು?

ಲಾಗ್ ಥರ ಕೊನೆಗೆ ಸೇರಿಸುತ್ತಲೇ ಹೋಗುವ ಕೆಲಸಕ್ಕೆ ಎಫ್‌ಡೇಟಾಸಿಂಕ್ ಹಗುರ. ತಿದ್ದಿದ ಸಮಯದಂಥ ಚಿಲ್ಲರೆ ವಿಷಯಗಳನ್ನು ಅದು ಬಿಡುತ್ತದೆ. ಫೈಲ್‌ನ ಉದ್ದ ಬದಲಾಗಿದ್ದರೆ ಅದನ್ನು ಬರೆಯಲೇಬೇಕು, ಬರೆಯುತ್ತದೆ. ಆಗ ಮತ್ತೆ ಜರ್ನಲ್ ಕಮಿಟ್. ಇದನ್ನು ತಪ್ಪಿಸಲು ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಲಾಗ್ ಫೈಲ್‌ಗಳಲ್ಲಿ 16 ಎಂಬಿ ಸೊನ್ನೆಗಳನ್ನು ಮೊದಲೇ ತುಂಬಿಸಿ ಇಡುತ್ತದೆ, ಬಳಸಿ ಆದದ್ದನ್ನು ಹೆಸರು ಬದಲಿಸಿ ಮತ್ತೆ ಬಳಸುತ್ತದೆ. ಉದ್ದ ಬದಲಾಗುವುದೇ ಇಲ್ಲ.

## ಎಫ್‌ಸಿಂಕ್ ಫೇಲ್ ಆದರೆ ಮತ್ತೆ ಕರೆಯಬೇಡಿ

ಬಹಳ ವರ್ಷ ಎಲ್ಲರೂ ಅಂದುಕೊಂಡಿದ್ದು ಹೀಗೆ: ಎಫ್‌ಸಿಂಕ್ ಎರರ್ ಕೊಟ್ಟರೆ ಇನ್ನೊಮ್ಮೆ ಕರೆಯೋಣ, ಆಗ ಓಕೆ ಅಂದರೆ ಡೇಟಾ ಹೋಗಿದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಬರೆಯುವವರಿಗೆ ಇದು ಸುಳ್ಳು ಅಂತ ಗೊತ್ತಾಯಿತು. ಡಿಸ್ಕ್ ಎರರ್ ಕೊಟ್ಟಾಗ ಲಿನಕ್ಸ್‌ನ ಎಷ್ಟೋ ಫೈಲ್ ಸಿಸ್ಟಮ್‌ಗಳು ಆ ಪೇಜ್‌ನ ಡರ್ಟಿ ಗುರುತನ್ನು ತೆಗೆದುಬಿಡುತ್ತವೆ. ಎರಡನೇ ಸಲ ಎಫ್‌ಸಿಂಕ್ ಬಂದಾಗ ಡರ್ಟಿ ಪೇಜ್ ಒಂದೂ ಇರುವುದಿಲ್ಲ, ಹಾಗಾಗಿ ಎಲ್ಲ ಸರಿ ಅನ್ನುತ್ತದೆ. ಡೇಟಾ ಮಾತ್ರ ಡಿಸ್ಕ್‌ನಲ್ಲಿ ಇಲ್ಲ.

ಗುರುತು ಯಾಕೆ ತೆಗೆಯಬೇಕು ಅಂತ ಸಿಟ್ಟು ಬರುವುದು ಸಹಜ. ಕಿತ್ತುಕೊಂಡ ಪೆನ್‌ಡ್ರೈವ್ ನೆನೆಸಿಕೊಳ್ಳಿ. ಅದಕ್ಕೆ ಹೋಗಬೇಕಾದ ಪೇಜ್‌ಗಳು ಶಾಶ್ವತವಾಗಿ ಡರ್ಟಿ ಆಗಿಯೇ ಉಳಿದರೆ ಮೆಮೊರಿ ತುಂಬಿ ಮಶೀನ್ ಕೂರುತ್ತದೆ. ಎರಡೂ ಕಡೆ ನ್ಯಾಯ ಇದೆ ಅಲ್ವಾ?

4.13 ಕರ್ನಲ್‌ನಿಂದ ಈಚೆಗೆ ಎರರ್ ಸುದ್ದಿ ಮುಟ್ಟಿಸುವುದು ಸುಧಾರಿಸಿದೆ. ಫೈಲ್ ತೆರೆದಿರುವ ಎಲ್ಲರಿಗೂ ಅದು ಒಂದೊಂದು ಸಲ ತಲುಪುತ್ತದೆ. ಆದರೆ ಒಂದೇ ಸಲ. ಪೋಸ್ಟ್‌ಗ್ರೆಸ್ 2019ರಿಂದ ಹಿಡಿದ ದಾರಿ ಇದು: ಎಫ್‌ಸಿಂಕ್ ಫೇಲ್ ಆದರೆ ಡೇಟಾಬೇಸ್ ತಾನೇ ಬಿದ್ದು, ಮತ್ತೆ ಎದ್ದು, ತನ್ನ ಲಾಗ್‌ನಿಂದ ಎಲ್ಲವನ್ನೂ ಹೊಸದಾಗಿ ಬರೆಯುತ್ತದೆ. ನೀವೂ ಹಾಗೇ ಮಾಡಿ. ನಿಮ್ಮ ಹತ್ತಿರ ಇರುವ ಮೂಲ ಡೇಟಾದಿಂದ ಹೊಸ ಫೈಲ್‌ಗೆ ಮೊದಲಿಂದ ಬರೆಯಿರಿ.

## ಡ್ರೈವರ್ ಬರೆಯುವವರಿಗೆ

ಲಿನಕ್ಸ್‌ಗೆ ನೀವೇ ಫೈಲ್ ಸಿಸ್ಟಮ್ ಬರೆಯುತ್ತಿದ್ದರೆ ಮೊದಲು ಫ್ಯಾಟ್ (ಪೆನ್‌ಡ್ರೈವ್‌ಗಳಲ್ಲಿ ಸಿಗುವ ಹಳೆಯ, ಸರಳ ಫೈಲ್ ಸಿಸ್ಟಮ್) ಡ್ರೈವರ್‌ನ ಎಫ್‌ಸಿಂಕ್ ಫಂಕ್ಷನ್ ತೆರೆದು ಓದಿ. ಕೆಲವೇ ಸಾಲು ಇದೆ, ಆದರೆ ಕ್ರಮ ಪೂರ್ತಿ ಇದೆ. ಮೊದಲು ಫೈಲ್‌ನ ಡೇಟಾ ಪೇಜ್‌ಗಳನ್ನು ಬರೆಸಿ, ಮುಗಿಯುವ ತನಕ ಕಾಯುತ್ತದೆ. ಆಮೇಲೆ ಆ ಐನೋಡ್‌ಗೆ ಸೇರಿದ ಬಫರ್‌ಗಳು ಮತ್ತು ಐನೋಡ್. ಆಮೇಲೆ ಯಾವ ಬ್ಲಾಕ್ ಯಾರದು ಅಂತ ಹೇಳುವ ಫ್ಯಾಟ್ ಕೋಷ್ಟಕ. ಕೊನೆಗೆ ಡಿಸ್ಕ್‌ಗೆ ಫ್ಲಶ್. ನಿಮ್ಮದು ಸರಳ ಫೈಲ್ ಸಿಸ್ಟಮ್ ಆಗಿದ್ದರೆ ಕರ್ನಲ್‌ನಲ್ಲೇ ಇರುವ ಜೆನೆರಿಕ್ ಫೈಲ್ ಎಫ್‌ಸಿಂಕ್ ಸಾಕಾಗಬಹುದು. ನಿಮ್ಮದೇ ಕೋಷ್ಟಕ ಇದ್ದರೆ ಅದನ್ನು ಮಧ್ಯೆ ಸೇರಿಸಿ, ಕೊನೆಯ ಫ್ಲಶ್‌ಗಿಂತ ಮೊದಲು.

ಎಫ್‌ಸಿಂಕ್ ಒಂದೇ ಅಲ್ಲ. ಸೂಪರ್‌ಬ್ಲಾಕ್ ಆಪರೇಷನ್‌ಗಳಲ್ಲಿ (ಇಡೀ ಫೈಲ್ ಸಿಸ್ಟಮ್‌ಗೆ ಸೇರಿದ ಫಂಕ್ಷನ್‌ಗಳ ಪಟ್ಟಿ) ಸಿಂಕ್ ಎಫ್ಎಸ್ ಅನ್ನುವುದನ್ನೂ ತುಂಬಬೇಕು. ಸಿಂಕ್ ಕಮಾಂಡ್ ಅಥವಾ ಅನ್‌ಮೌಂಟ್ ಬಂದಾಗ ಕರ್ನಲ್ ಇದನ್ನು ಎರಡು ಸಲ ಕರೆಯುತ್ತದೆ. ಮೊದಲ ಸಲ ವೇಯ್ಟ್ ಅನ್ನುವುದು ಸೊನ್ನೆ: ಕೆಲಸ ಶುರು ಮಾಡು, ನಿಲ್ಲಬೇಡ. ಎರಡನೇ ಸಲ ಒಂದು: ಈಗ ಮುಗಿಯುವ ತನಕ ಕಾಯಿ. ಮೊದಲ ಸಲವೇ ಕಾಯುತ್ತ ಕೂತರೆ ತಪ್ಪಲ್ಲ, ಸುಮ್ನೆ ನಿಧಾನ. ಎರಡನೇ ಸಲವೂ ಕಾಯದಿದ್ದರೆ ತಪ್ಪು.

ಡರ್ಟಿ ಗುರುತನ್ನು ಯಾವಾಗ ತೆಗೆಯುತ್ತೀರಿ ಅನ್ನುವುದರ ಮೇಲೂ ಕಣ್ಣಿರಲಿ. ಬರೆದು ಮುಗಿದ ಮೇಲೆ ತೆಗೆಯುವುದು ಸರಿ ಅನ್ನಿಸುತ್ತದೆ. ಆದರೆ ಡಿಸ್ಕ್ ಬರೆಯುತ್ತಿರುವಾಗಲೇ ಇನ್ನೊಂದು ಪ್ರೋಗ್ರಾಂ ಅದೇ ಪೇಜ್ ತಿದ್ದಿತು ಅಂದುಕೊಳ್ಳಿ. ಪೇಜ್ ಮೊದಲೇ ಡರ್ಟಿ ಇದೆ, ಹೊಸ ಗುರುತು ಬೇಕಿಲ್ಲ. ಬರವಣಿಗೆ ಮುಗಿಯಿತು, ನೀವು ಗುರುತು ಅಳಿಸಿದಿರಿ. ಅವರ ತಿದ್ದುಪಡಿ ಡಿಸ್ಕ್‌ಗೆ ಹೋಗಲೇ ಇಲ್ಲ, ಹೋಗಬೇಕು ಅಂತ ನೆನಪಿಸುವ ಗುರುತೂ ಈಗ ಇಲ್ಲ. ಅದಕ್ಕೇ ಕ್ರಮ ಹೀಗೆ: ಮೊದಲು ಡರ್ಟಿ ತೆಗೆಯಿರಿ, ರೈಟ್‌ಬ್ಯಾಕ್ ಗುರುತು ಹಾಕಿ, ಆಮೇಲೆ ಡಿಸ್ಕ್‌ಗೆ ಕಳಿಸಿ. ನಡುವೆ ಯಾರಾದರೂ ತಿದ್ದಿದರೆ ಡರ್ಟಿ ಗುರುತು ಹೊಸದಾಗಿ ಬೀಳುತ್ತದೆ, ಮುಂದಿನ ಸುತ್ತಿನಲ್ಲಿ ಹೋಗುತ್ತದೆ. ಮುಗಿದಾಗ ರೈಟ್‌ಬ್ಯಾಕ್ ಗುರುತು ಮಾತ್ರ ತೆಗೆಯಿರಿ.

ಎಮ್‌ಮ್ಯಾಪ್ ಮಾಡಿದ, ಅಂದರೆ ಪ್ರೋಗ್ರಾಂನ ಮೆಮೊರಿಗೇ ಜೋಡಿಸಿದ ಫೈಲ್‌ಗಳಲ್ಲಿ ರೈಟ್ ಕಾಲ್ ಬರುವುದೇ ಇಲ್ಲ, ಪ್ರೋಗ್ರಾಂ ಮೆಮೊರಿಯನ್ನೇ ತಿದ್ದುತ್ತದೆ. ಹಾಗಾಗಿ ಡರ್ಟಿ ತೆಗೆಯುವಾಗ ಕರ್ನಲ್ ಆ ಪೇಜನ್ನು ಓದಲು ಮಾತ್ರ ಅಂತ ಮಾಡುತ್ತದೆ. ಮುಂದೆ ಯಾರಾದರೂ ತಿದ್ದಲು ಹೋದರೆ ಫಾಲ್ಟ್ ಆಗಿ ಡ್ರೈವರ್‌ನ ಪೇಜ್ ಎಂಕೆರೈಟ್ ಫಂಕ್ಷನ್‌ಗೆ ಕರೆ ಬರುತ್ತದೆ. ಜಾಗ ಕಾದಿರಿಸಲು, ಬೇಕಾದರೆ ಕಾಯಿಸಲು ಅದೇ ನಿಮಗಿರುವ ಅವಕಾಶ.

## ಕೊನೆಗೆ, ಕರೆಂಟ್ ತೆಗೆದು ನೋಡಿ

ಪ್ರೋಗ್ರಾಂ ಅನ್ನು ಕಿಲ್ ಮಾಡಿ ಪರೀಕ್ಷೆ ಮಾಡಿದೆ ಅನ್ನುವವರು ಜಾಸ್ತಿ. ಅದರಿಂದ ಏನೂ ತಿಳಿಯುವುದಿಲ್ಲ, ಪೇಜ್ ಕ್ಯಾಶ್ ಹಾಗೇ ಇರುತ್ತದೆ. ವರ್ಚುವಲ್ ಮಶೀನ್ ಅನ್ನೇ ಕಿಲ್ ಮಾಡಿದರೆ ಒಂದು ಹೆಜ್ಜೆ ಮುಂದೆ: ಒಳಗಿನ ಕರ್ನಲ್‌ನ ಪೇಜ್ ಕ್ಯಾಶ್ ಹೋಗುತ್ತದೆ. ಎಫ್‌ಸಿಂಕ್ ಮರೆತ ಪ್ರೋಗ್ರಾಂಗಳು ಇಲ್ಲಿ ಸಿಕ್ಕಿಬೀಳುತ್ತವೆ. ಆದರೆ ಹೊರಗಿನ ಮಶೀನ್ ಹತ್ತಿರ ಬಂದದ್ದು ಉಳಿದಿರುತ್ತದೆ, ಹಾಗಾಗಿ ಫ್ಲಶ್ ಮರೆತ ಡ್ರೈವರ್ ಪಾಸಾಗಿಬಿಡುತ್ತದೆ.

ಡ್ರೈವರ್ ಪರೀಕ್ಷೆಗೆ ಡಿಎಂ ಲಾಗ್ ರೈಟ್ಸ್ ಬಳಸಿ. ಡಿಸ್ಕ್ ಮತ್ತು ಫೈಲ್ ಸಿಸ್ಟಮ್ ನಡುವೆ ಕೂತು, ಹೋದ ಪ್ರತಿಯೊಂದು ಬರವಣಿಗೆಯನ್ನೂ ಫ್ಲಶ್, ಎಫ್‌ಯುಎ ಗುರುತಿನ ಸಮೇತ ಅದು ದಾಖಲಿಸುತ್ತದೆ. ಆಮೇಲೆ ಬೇಕಾದ ಹಂತದವರೆಗೆ ಮಾತ್ರ ಅದನ್ನು ಖಾಲಿ ಡಿಸ್ಕ್ ಮೇಲೆ ಮತ್ತೆ ಓಡಿಸಬಹುದು. ಪ್ರತಿ ಫ್ಲಶ್ ಹತ್ತಿರ ನಿಲ್ಲಿಸಿ, ಮೌಂಟ್ ಮಾಡಿ, ಫೈಲ್ ಸಿಸ್ಟಮ್ ಸರಿ ಇದೆಯಾ ಅಂತ ನೋಡುವ ಎಫ್ಎಸ್‌ಸಿಕೆ ಓಡಿಸಿ. ಕರೆಂಟ್ ಹೋಗಬಹುದಾದ ನೂರಾರು ಕ್ಷಣಗಳನ್ನು ಒಂದೇ ರಾತ್ರಿ ನೋಡಿ ಮುಗಿಸಬಹುದು. ಬರವಣಿಗೆಯನ್ನು ಸದ್ದಿಲ್ಲದೆ ನುಂಗಿಹಾಕುವ ಡಿಎಂ ಫ್ಲೇಕಿ ಅನ್ನುವ ಇನ್ನೊಂದು ಸಾಧನವೂ ಇದೆ. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಅನ್ನುವ ಪರೀಕ್ಷೆಗಳ ಗುಂಪಿನಲ್ಲಿ ಎರಡನ್ನೂ ಬಳಸಿದ್ದಾರೆ, ಅಲ್ಲಿಂದ ನೋಡಿ ಕಲಿಯಬಹುದು.

ಡಿಸ್ಕ್ ಸುಳ್ಳು ಹೇಳುತ್ತದೆಯೋ ಇಲ್ಲವೋ ಅಂತ ಮಾತ್ರ ಯಾವ ಸಾಫ್ಟ್‌ವೇರ್‌ನಿಂದಲೂ ಪೂರ್ತಿ ತಿಳಿಯುವುದಿಲ್ಲ. ಅದಕ್ಕೆ ಪ್ಲಗ್ಗನ್ನೇ ಕೀಳಬೇಕು. ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ: ಒಂದು ಸಂಖ್ಯೆ ಬರೆ, ಎಫ್‌ಸಿಂಕ್ ಮಾಡು, ಓಕೆ ಬಂದ ಮೇಲೆ ಆ ಸಂಖ್ಯೆಯನ್ನು ನೆಟ್‌ವರ್ಕ್ ಮೂಲಕ ಪಕ್ಕದ ಮಶೀನ್‌ಗೆ ಕಳಿಸು, ಮುಂದಿನ ಸಂಖ್ಯೆಗೆ ಹೋಗು. ಓಡುತ್ತಿರುವಾಗ ಪ್ಲಗ್ ಕಿತ್ತು, ಮತ್ತೆ ಆನ್ ಮಾಡಿ. ಪಕ್ಕದ ಮಶೀನ್‌ಗೆ 8,412 ತಲುಪಿದ್ದು ಡಿಸ್ಕ್‌ನಲ್ಲಿ 8,390ಕ್ಕೇ ನಿಂತಿದ್ದರೆ, ನಡುವೆ ಯಾರೋ ಬರೆಯದೆಯೇ ಬರೆದೆ ಅಂದಿದ್ದಾರೆ. ಲ್ಯಾಪ್‌ಟಾಪ್‌ನಲ್ಲಿ ಇದನ್ನು ಮಾಡುವುದಾದರೆ ಮೊದಲು ಬ್ಯಾಟರಿ ತೆಗೆಯಿರಿ. ನಾನು ಮೊದಲ ಸಲ ಅದನ್ನು ಮರೆತು, ಡಿಸ್ಕ್ ಬಲು ಪ್ರಾಮಾಣಿಕ ಅಂತ ಬರೆದಿಟ್ಟುಕೊಂಡಿದ್ದೆ.